ಕೆಂಪು ಟೋಪಿಯ ದೀಪ

ಫೆಬ್ರವರಿ ೯

ಮಾನ್ಯರೇ,

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ವಿಳಾಸ ಕೊಟ್ಟದ್ದು ನಮ್ಮೂರಿನ ಗುಜರಿ ಅಂಗಡಿಯವನು. ಹಳೆಯ ಫೈರ್ ಇಂಜಿನ್, ಆಂಬುಲೆನ್ಸ್‌ಗಳ ತಲೆಯ ಮೇಲೆ ತಿರುಗುವ ದೀಪಗಳ ವಿಷಯ ಏನಿದ್ದರೂ ನಿಮ್ಮನ್ನೇ ಕೇಳಬೇಕಂತೆ. ಬೆಂಕಿ ಠಾಣೆಯ ವರ್ಕ್‌ಶಾಪಿನಲ್ಲಿ ನಿವೃತ್ತಿಯವರೆಗೂ ಅವನ್ನು ಕೂರಿಸಿ, ಇಳಿಸಿ, ರಿಪೇರಿ ಮಾಡಿದವರು ನೀವಂತೆ. ಫೋನ್ ನಂಬರ್ ಕೇಳಿದ್ದಕ್ಕೆ ಅವನು ನಕ್ಕುಬಿಟ್ಟ. "ಫೋನ್ ಮಾಡಿ ಏನ್ ಮಾಡ್ತೀರ? ಸೈರನ್ ಟೆಸ್ಟ್ ಮಾಡಿ ಮಾಡಿ ಅವರ ಕಿವಿ ಹೋಗಿದೆ. ನೀವೊಂದು ಕೇಳಿದ್ರೆ ಅವರೊಂದು ಹೇಳ್ತಾರೆ. ಕಾಗದ ಬರೀರಿ" ಅಂದ.

ನಮ್ಮದು ಗಾಡಿಗಳ ಬಣ್ಣದ ಅಂಗಡಿ. ಗೀಚಿಹೋದ ಕಾರಿನ ಬಾಗಿಲಿಗೆ ಮೊದಲಿನದೇ ಬಣ್ಣ ಬೆರೆಸಿ ಕೊಡುವುದು ನನ್ನ ಕೆಲಸ. ಪಕ್ಕದ ಗ್ಯಾರೇಜಿನವರು ಒಂದು ಹಳೆಯ ಆಂಬುಲೆನ್ಸಿಗೆ ಬಣ್ಣ ಹೊಡೆಯುವಾಗ ಅದರ ದೀಪ ಕಿತ್ತು ಮೂಲೆಗೆ ಎಸೆದಿದ್ದರು. ಮನೆಗೆ ತಂದು ಬ್ಯಾಟರಿಗೆ ಕೊಟ್ಟೆ. ಒಳಗಿನ ಕನ್ನಡಿ ಗರಗರ ಎಂದು ತಿರುಗತೊಡಗಿತು, ಕೋಣೆಯ ಗೋಡೆಗಳ ಮೇಲೆಲ್ಲ ಕೆಂಪು ಓಡಾಡಿತು. ಅಂದು ಹಿಡಿದ ಹುಚ್ಚು. ಈಗ ಮಂಚದ ಕೆಳಗೂ ದೀಪ, ಬೀರುವಿನ ಮೇಲೂ ದೀಪ. ಆದರೆ ಯಾವುದು ಯಾವ ಗಾಡಿಯದು, ಯಾವ ಕಾಲದ್ದು ಎಂದು ಕೇಳಿದರೆ ಬಾಯಿ ಬಾಯಿ ಬಿಡಬೇಕಾಗುತ್ತದೆ.

ಮೊನ್ನೆ ಸಿಕ್ಕ ಒಂದರ ಫೋಟೋ ಇಟ್ಟಿದ್ದೇನೆ. ದಪ್ಪ ಗಾಜು, ಎತ್ತಿದರೆ ಕೈ ಸೋಲುವ ತಳ. ಪೊಲೀಸ್ ಜೀಪಿನದು ಅನ್ನಿಸುತ್ತದೆ. ಹೌದೇ?

ಇಂತಿ,
ಬಣ್ಣದಂಗಡಿಯಿಂದ


ಫೆಬ್ರವರಿ ೧೭

ಬಣ್ಣದಂಗಡಿ ಯಜಮಾನರಿಗೆ ನಮಸ್ಕಾರ.

ಗುಜರಿಯವನು ನನ್ನ ಕಿವಿಯ ಬಗ್ಗೆ ಹೇಳಿದ್ದು ನಿಜ. ಅವನ ತಕ್ಕಡಿಯ ಬಗ್ಗೆ ನಾನು ಹೇಳಲು ಹೊರಟರೆ ಈ ಹಾಳೆ ಸಾಲದು.

ಅದು ಜೀಪಿನದಲ್ಲ ಸ್ವಾಮಿ. ಜೀಪಿನ ಕ್ಯಾನ್ವಾಸ್ ಚಾವಣಿಯ ಮೇಲೆ ಆ ತೂಕ ಇಟ್ಟಿದ್ದರೆ ಮೊದಲ ಹಳ್ಳಕ್ಕೇ ದೀಪ ಬಂದು ಸಾಹೇಬರ ತೊಡೆಯ ಮೇಲೆ ಕೂರುತ್ತಿತ್ತು. ದೊಡ್ಡ ಗಾಡಿಯದೇ ಇರಬೇಕು. ಉಳಿದದ್ದನ್ನು ಫೋಟೋ ನೋಡಿ ಹೇಳಲಾರೆ. ಫೋಟೋದಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ನಿಮಗೆ ಇದನ್ನು ನಾನು ಹೇಳಿಕೊಡಬೇಕೇ? ದೀಪವನ್ನೇ ಕಳಿಸಿ, ನೋಡಿ ವಾಪಸು ಕಳಿಸುತ್ತೇನೆ. ಮೇಲಿನ ಗಾಜನ್ನು ನಾವು ಟೋಪಿ ಅನ್ನುತ್ತಿದ್ದೆವು. ಟೋಪಿ ಬಿಚ್ಚಿ, ಹಳೆಯ ಹೊದಿಕೆಯಲ್ಲಿ ಸುತ್ತಿ, ಬೇರೆಯಾಗಿ ಇಡಿ. ಅಂಚೆಯವರು ಪೆಟ್ಟಿಗೆಯನ್ನು ಚೆಂಡು ಅಂದುಕೊಂಡಿರುತ್ತಾರೆ.

ಮನೆ ತುಂಬ ದೀಪ ಇಟ್ಟುಕೊಂಡಿದ್ದೀರಲ್ಲ, ಹೆಂಡತಿ ಏನೂ ಅನ್ನುವುದಿಲ್ಲವೇ?

ಇಂತಿ,
ಲೈಟ್ ಮೇಷ್ಟ್ರು (ಠಾಣೆಯ ಹುಡುಗರು ಇಟ್ಟ ಹೆಸರು, ಅದೇ ನಿಂತುಬಿಟ್ಟಿದೆ)


ಮಾರ್ಚ್ ೨

ಮೇಷ್ಟ್ರೇ,

ದೀಪ ಕಳಿಸಿದ್ದೇನೆ. ಅತ್ತಿಗೆಯ ಹಳೆಯ ಉಣ್ಣೆ ಶಾಲಿನಲ್ಲಿ ಸುತ್ತಿದ್ದೇನೆ, ಶಾಲನ್ನು ಮರೆಯದೆ ವಾಪಸು ಕಳಿಸಿ. ಅವರಿಗೆ ಇನ್ನೂ ಗೊತ್ತಿಲ್ಲ.

ಹೆಂಡತಿ ಎಂಬುವರು ಇಲ್ಲ. ನಾನಿರುವುದು ಅಣ್ಣನ ಮನೆಯಲ್ಲಿ, ಅಂಗಡಿಯೂ ಅಣ್ಣನದೇ. ಬಯ್ಯುವ ಕೆಲಸ ಅತ್ತಿಗೆ ವಹಿಸಿಕೊಂಡಿದ್ದಾರೆ. "ಈ ಬುರುಡೆಗಳ ಮಧ್ಯೆ ಮಲಗಿದ್ರೆ ನಿಂಗೆ ನಿದ್ದೆ ಹೇಗೆ ಬರುತ್ತೆ?" ಎಂದು ಕೇಳುತ್ತಾರೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಬಣ್ಣದಂಗಡಿಯಿಂದ


ಮಾರ್ಚ್ ೧೧

ಬಣ್ಣದಂಗಡಿಯವರೇ,

ಶಾಲು ಮೇಲ್ಗಡೆಯೇ ಇಟ್ಟಿದ್ದೇನೆ. ಈಗ ದೀಪದ ಮಾತು. ಇದು ಏಣಿ ಗಾಡಿಯದು. ಹೇಗೆ ಅಂತೀರೋ? ತಳದಲ್ಲಿ ಮೂರು ತೂತುಗಳಿವೆ, ನಾಲ್ಕನೆಯದನ್ನು ಆಮೇಲೆ ಕೈಯಲ್ಲಿ ಕೊರೆದಿದ್ದಾರೆ. ಏಣಿ ಎತ್ತುವಾಗ ಗಾಡಿ ಅದುರುತ್ತದೆ, ಅದಕ್ಕೆ ಒಂದು ಬೋಲ್ಟ್ ಹೆಚ್ಚು. ಅಡಿಯ ರಬ್ಬರ್ ಉಂಗುರ ಒಂದೇ ಮಗ್ಗುಲಲ್ಲಿ ಬಿಸಿಲಿಗೆ ಬಿರಿದಿದೆ. ಗಾಡಿ ವರ್ಷಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿತ್ತು ಅಂತ ಅರ್ಥ. ಬೆಂಕಿ ಕಡಿಮೆ ಬೀಳುವ, ಎತ್ತರದ ಕಟ್ಟಡಗಳಿಲ್ಲದ ಊರು. ಪಾಪ, ಏಣಿ ಕೊಟ್ಟರು, ಹತ್ತಲು ಏನೂ ಇರಲಿಲ್ಲ.

ಟೋಪಿಯ ಕೆಂಪಿನಲ್ಲಿ ಎರಡು ಜಾತಿ. ಹಳೆಯ ಗಾಜಿನದು ದಾಳಿಂಬೆ ಕಾಳಿನ ಕೆಂಪು, ಬೆಳಕಿಗೆ ಹಿಡಿದರೆ ಒಳಗೆ ಒಂದೆಳೆ ನೇರಳೆ. ಆಮೇಲೆ ಬಂದ ಪ್ಲಾಸ್ಟಿಕ್ಕಿನದು ಟೊಮೆಟೊ ಕೆಂಪು, ಅದರೊಳಗೆ ಹಳದಿ ಕೂತಿರುತ್ತದೆ. ನಿಮ್ಮದು ಶುದ್ಧ ದಾಳಿಂಬೆ. ಇಂಥದ್ದು ನೋಡಿ ಬಹಳ ಕಾಲವಾಗಿತ್ತು. ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಯಾವ ಗಾಡಿಯದೆಂದು ಗುರುತಿನ ಚೀಟಿ ಬರೆದು ಸಹಿ ಹಾಕಿ ತಳಕ್ಕೆ ಅಂಟಿಸಿದ್ದೇನೆ.

ಉಳಿದವನ್ನೂ ಒಂದೊಂದಾಗಿ ಕಳಿಸಿ. ಮದುವೆಯನ್ನೂ ಮಾಡಿಕೊಳ್ಳಿ ಸ್ವಾಮಿ. ನಮ್ಮ ಕಡೆ ಒಳ್ಳೆಯ ಹುಡುಗಿಯರಿದ್ದಾರೆ, ನಾನೇ ನೋಡುತ್ತೇನೆ. ಸ್ವಲ್ಪ ಕೆಮ್ಮು ಇದೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಲೈಟ್ ಮೇಷ್ಟ್ರು


ಮಾರ್ಚ್ ೨೦

ಮೇಷ್ಟ್ರೇ,

ನಿಮ್ಮ ಕಾಗದವನ್ನು ಅಣ್ಣನಿಗೆ ಓದಿ ಹೇಳಿದೆ. "ರಬ್ಬರ್ ನೋಡಿ ಊರಿನ ಜಾತಕ ಹೇಳ್ತಾರಲ್ಲೋ!" ಎಂದು ಬೆರಗಾದ. ಇನ್ನೆರಡು ದೀಪ ಕಳಿಸಿದ್ದೇನೆ. ಒಂದು ದಾಳಿಂಬೆಯೇ ಇರಬೇಕು, ನಿಮ್ಮ ಪಾಠ ನನಗೆ ಹತ್ತಿದೆಯೋ ನೋಡಿ. ಇನ್ನೊಂದರ ಮೋಟರ್ ತಿರುಗುತ್ತಿಲ್ಲ. ಹುಡುಗಿ ನೋಡುವ ಶ್ರಮ ಬೇಡ.

ಬಣ್ಣದಂಗಡಿಯಿಂದ


ಏಪ್ರಿಲ್ ೨೪

ಮೇಷ್ಟ್ರಿಗೆ ನಮಸ್ಕಾರ.

ಪೆಟ್ಟಿಗೆ ತಲುಪಿತೇ? ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಹುಡುಗಿಯ ಮಾತಿಗೆ ನಾನು ಮುಖ ಮುರಿದಂತೆ ಉತ್ತರಿಸಿದೆನೇ? ಬೇಜಾರು ಮಾಡಿಕೊಳ್ಳಬೇಡಿ. ದೀಪಕ್ಕೆ ಅವಸರವಿಲ್ಲ, ಒಂದು ಕಾರ್ಡ್ ಹಾಕಿದರೆ ಸಾಕು.


ಜೂನ್ ೮

ಬಣ್ಣದಂಗಡಿಯವರೇ,

ತಂಗಿಯ ಮನೆಗೆ ಹೋಗಿದ್ದೆ. ಅವಳು ಬಿಡಲಿಲ್ಲ, ನಾನೂ ಹಾಗೇ ಉಳಿದುಬಿಟ್ಟೆ. ಬೇರೇನೂ ಇಲ್ಲ.

ನಿಮ್ಮ ಪೆಟ್ಟಿಗೆ ಮೊನ್ನೆ ಬಿಚ್ಚಿದೆ. ಒಂದು ಸಂದೇಹ. ಟೋಪಿ ದಾಳಿಂಬೆ ಎಂದು ಬರೆದಿದ್ದೀರಿ. ಇದು ಕಂದು. ಕಂದು ಟೋಪಿಯನ್ನು ನಾನು ಯಾವ ಗಾಡಿಯ ಮೇಲೂ ಕಂಡಿಲ್ಲ. ಗಾಜು ಹಳೆಯದೇ, ಅದರೊಳಗಿನ ಉಬ್ಬು ಪಟ್ಟಿಗಳು ಹಳೆಯವೇ, ಆದರೆ ಬಣ್ಣ ಒಣಗಿದ ಮಣ್ಣಿನದು. ಯಾವ ಇಲಾಖೆ ಇಂಥದ್ದನ್ನು ಬಳಸಿತೋ ತಿಳಿಯದು. ಯೋಚಿಸುತ್ತಿದ್ದೇನೆ.

ಲೈಟ್ ಮೇಷ್ಟ್ರು


ಜೂನ್ ೧೯

ಮೇಷ್ಟ್ರೇ,

ನೀವು ಕ್ಷೇಮವೆಂದು ತಿಳಿದು ಸಮಾಧಾನವಾಯಿತು. ಆದರೆ ಕಂದು? ನಾನು ಕಳಿಸಿದ್ದು ಕೆಂಪು. ಬೆಳಕಿಗೆ ಹಿಡಿದು ಒಂದೆಳೆ ನೇರಳೆಯನ್ನೂ ನೋಡಿಯೇ ಕಳಿಸಿದ್ದೆ. ಬೇರೆ ಯಾರದೋ ಪೆಟ್ಟಿಗೆಯೊಂದಿಗೆ ಅದಲುಬದಲಾಗಿರಬಹುದೇ? ಟೋಪಿಯ ಅಂಚಿನಲ್ಲಿ ಹಕ್ಕಿಯ ಕಾಲಿನಂತೆ ಮೂರು ಗೀರು ಇರಬೇಕು, ದಯವಿಟ್ಟು ನೋಡಿ.


ಜುಲೈ ೧

ಬಣ್ಣದಂಗಡಿಯವರೇ,

ಮೂರು ಗೀರು ಇದೆ. ಪೆಟ್ಟಿಗೆ ಬದಲಾಗಿಲ್ಲ. ಕಿಟಕಿಯಲ್ಲಿ ಹಿಡಿದೆ, ಅಂಗಳದಲ್ಲಿ ಹಿಡಿದೆ, ಬಲ್ಬ್ ಹಚ್ಚಿ ನೋಡಿದೆ. ಕಂದು.

ಇನ್ನೊಂದು ಸುದ್ದಿ, ಹೇಳಲು ನಾಚಿಕೆ. ಎರಡನೆಯ ದೀಪದ ಮೋಟರ್ ಸುಟ್ಟುಹೋಯಿತು. ಒಂದು ತಂತಿ ಬಲ್ಬಿಗೆ, ಒಂದು ಮೋಟರಿಗೆ ಇರಬೇಕು. ಯಾವನೋ ಕತ್ತೆ ಎರಡಕ್ಕೂ ಒಂದೇ ಬಣ್ಣದ ತಂತಿ ಹಾಕಿದ್ದಾನೆ. ಕೂಡಿಸಬಾರದ್ದನ್ನು ಕೂಡಿಸಿದೆ, ಹೊಗೆ ಎದ್ದಿತು. ನನ್ನ ಕೈಯಲ್ಲಿ ಮೋಟರ್ ಸುಟ್ಟದ್ದು ಇದೇ ಮೊದಲು. ಗಾಡಿಯಲ್ಲಿ ಮೊದಲು ಹಾಕಿದ ತಂತಿಯನ್ನು ಯಾರಾದರೂ ಬದಲಾಯಿಸಿದರೇ? ನಿಮಗೆ ಗೊತ್ತಿರಲೇಬೇಕು. ಮೂರು ಗೀರಿನ ಟೋಪಿಯ ದೀಪವನ್ನೂ ಸುಟ್ಟ ಮೋಟರನ್ನೂ ಕಳಿಸಿದ್ದೇನೆ. ಎರಡನೆಯದರ ಟೋಪಿ, ತಳ ಇಲ್ಲೇ ಇವೆ, ಬೇರೆ ಮೋಟರ್ ಹುಡುಕಿ ಕೂರಿಸಿ ಕೊಡುತ್ತೇನೆ.


ಜುಲೈ ೧೨

ಮೇಷ್ಟ್ರೇ,

ಪೆಟ್ಟಿಗೆ ಬಂತು. ಟೋಪಿ ಕೆಂಪಗಿದೆ. ನನಗೇ ಏನಾದರೂ ಆಗಿದೆಯೇ ಎಂದು ಅತ್ತಿಗೆಯನ್ನು ಅಡುಗೆಮನೆಯಿಂದ ಕರೆದು ಇದು ಯಾವ ಬಣ್ಣ ಎಂದು ಕೇಳಿದೆ. "ಕೆಂಪು. ಇದನ್ನ ಹೇಳೋಕೂ ನಾನೇ ಬರಬೇಕಾ?" ಎಂದು ಹೋದರು. ಮೋಟರಿನ ತಂತಿ ನೋಡಿದೆ. ಒಂದು ಕೆಂಪು, ಒಂದು ಹಸಿರು. ಒಂದೇ ಬಣ್ಣವೆಂದು ನೀವು ಏಕೆ ಬರೆದಿರಿ?

ನನಗೆ ಏನೂ ಅರ್ಥವಾಗುತ್ತಿಲ್ಲ. ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರೋ, ತಮಾಷೆ ಮಾಡುತ್ತಿದ್ದೀರೋ ತಿಳಿಯುತ್ತಿಲ್ಲ. ಬೇರೆ ಮೋಟರ್ ಹುಡುಕುವುದು ಬೇಡ. ನಿಮ್ಮಲ್ಲಿ ಉಳಿದ ಟೋಪಿ, ತಳಗಳನ್ನು ಹಾಗೆಯೇ ಕಳಿಸಿಬಿಡಿ.

ಬಣ್ಣದಂಗಡಿಯಿಂದ


ಜುಲೈ ೨೩

ಯಜಮಾನರಿಗೆ,

ಉಳಿದದ್ದನ್ನು ವಾಪಸು ಕೇಳುವ ಧಾಟಿ ನನಗೆ ತಿಳಿಯದಷ್ಟು ಮುದುಕನಾಗಿಲ್ಲ. ನಾನು ನಿಮ್ಮ ಮಾಲು ಬದಲಾಯಿಸುತ್ತೇನೆ ಎಂದು ತಾನೇ ನಿಮ್ಮ ಅನುಮಾನ? ಹಾಗಾದರೆ ನನ್ನ ಅನುಮಾನವನ್ನೂ ಕೇಳಿ. ನೀವು ಬಣ್ಣದವರು. ಗಾಜಿಗೆ ಬಣ್ಣ ಹಚ್ಚುವುದು ನಿಮಗೆ ನೀರು ಕುಡಿದ ಹಾಗೆ. ಬಿಳಿ ಟೋಪಿಗೋ ಹಳದಿಗೋ ಏನೋ ಬಳಿದು, ಮುದುಕ ಕೆಂಪು ಎಂದು ಚೀಟಿ ಬರೆದು ಸಹಿ ಹಾಕಲಿ, ಆಮೇಲೆ ಮಾರಿಕೊಳ್ಳೋಣ ಎಂದು ನೋಡಿದಿರಿ. ಬಣ್ಣ ಇಳಿದು ಕಂದಾಯಿತು, ನಾನು ಹಿಡಿದೆ. ಟೋಪಿಯ ವಿಷಯದಲ್ಲಿ ನನಗೇ ಟೋಪಿ ಹಾಕಲು ಬಂದಿರಲ್ಲ!

ನಿಮ್ಮ ಸಾಮಾನು ಇದೇ ಅಂಚೆಯಲ್ಲಿ ಬರುತ್ತದೆ. ಎಣಿಸಿಕೊಳ್ಳಿ.


ಆಗಸ್ಟ್ ೩

ಎಣಿಸಿಕೊಂಡೆ. ಎಲ್ಲ ಇದೆ. ನಿಮ್ಮ ಚೀಟಿಯನ್ನು ಏಣಿ ಗಾಡಿಯ ದೀಪದಿಂದ ಬಿಡಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಅದರಿಂದ ನನಗೆ ಏನೂ ಆಗಬೇಕಾಗಿಲ್ಲ. ನಾನು ಇದುವರೆಗೆ ಒಂದು ದೀಪವನ್ನೂ ಮಾರಿಲ್ಲ. ನಿಮ್ಮ ಪತ್ರಗಳಿಗಾಗಿ ಕಾಯುತ್ತಿದ್ದೆ ಎಂಬುದು ನನ್ನ ತಪ್ಪು.


ಆಗಸ್ಟ್ ೨೪

ಬಣ್ಣದಂಗಡಿಯವರೇ,

ನೀವು ಉತ್ತರ ಬರೆಯುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಕೋಪದಲ್ಲಿ ಏನೇನೋ ಬರೆದೆ. ಈಗ ಕೋಪ ಇಳಿದಿದೆ, ಗೊಂದಲ ಇಳಿದಿಲ್ಲ.

ನಮ್ಮ ಠಾಣೆಗೆ ಹೊಸ ಗಾಡಿ ಬಂದಿದೆ ಎಂದು ನೋಡಲು ಹೋದೆ. ಅದಕ್ಕೂ ಮಣ್ಣಿನ ಬಣ್ಣ. "ಏನ್ರೋ, ಬೆಂಕಿ ಗಾಡಿಗೆ ಈ ಬಣ್ಣ ಯಾವಾಗಿಂದ?" ಅಂದೆ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಒಬ್ಬನು ನನ್ನ ಬೆನ್ನು ತಟ್ಟಿ ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ನಾನೂ ನಕ್ಕು ಬಂದೆ. ಅವರು ಯಾಕೆ ನಕ್ಕರೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮೊನ್ನೆ ಮಗಳು ತಂದ ಟೊಮೆಟೊವನ್ನು ಇನ್ನೂ ಕಾಯಿ ಎಂದು ಪಕ್ಕಕ್ಕಿಟ್ಟೆ. ಅವಳು ಅದನ್ನೇ ಎತ್ತಿ ಹೆಚ್ಚಿ ಸಾರಿಗೆ ಹಾಕಿದಳು. ಪೇಪರ್ ಓದುವಾಗ ಸಾಲಿನ ನಡುವೆ ಒಂದೆರಡು ಅಕ್ಷರ ಅಳಿಸಿದ ಹಾಗಿರುತ್ತದೆ, ಪೇಪರನ್ನು ಪಕ್ಕಕ್ಕೆ ಸರಿಸಿದರೆ ಅವೇ ಕಾಣುತ್ತವೆ. ಅಚ್ಚಿನವರು ಮಸಿ ಉಳಿಸುತ್ತಿದ್ದಾರೋ, ನನಗೆ ಪೊರೆ ಬರುತ್ತಿದೆಯೋ.

ನಿಮ್ಮ ಟೋಪಿಗೆ ನೀವು ಬಣ್ಣ ಬಳಿದಿಲ್ಲ ಎಂದು ನಂಬುತ್ತೇನೆ. ಆದರೆ ಅದು ಕಂದು ಎಂಬುದನ್ನು ನಂಬದಿರಲು ಆಗುತ್ತಿಲ್ಲ. ಏನು ಮಾಡಲಿ?

ಲೈಟ್ ಮೇಷ್ಟ್ರು


ಸೆಪ್ಟೆಂಬರ್ ೧

ಮೇಷ್ಟ್ರೇ,

ಇದರ ಜೊತೆ ಬಣ್ಣ ಹಚ್ಚಿದ ಐದು ರಟ್ಟಿನ ತುಂಡುಗಳಿವೆ. ಹಿಂಬದಿಗೆ ಒಂದರಿಂದ ಐದರವರೆಗೆ ಅಂಕಿ ಹಾಕಿದ್ದೇನೆ. ಹಗಲು ಬೆಳಕಿನಲ್ಲಿ ಸಾಲಾಗಿ ಇಟ್ಟು ನೋಡಿ. ಯಾವುದು ಯಾವ ಬಣ್ಣ, ಯಾವುದು ಹೊಸ ಗಾಡಿಯ ಹಾಗಿದೆ ಎಂದು ಬರೆಯಿರಿ. ಯಾರನ್ನೂ ಕೇಳಬೇಡಿ. ಯಾಕೆಂದು ಈಗ ಕೇಳಬೇಡಿ. ನಾನು ಮುನಿಸಿಕೊಂಡಿಲ್ಲ.

ಬಣ್ಣದಂಗಡಿಯಿಂದ


ಸೆಪ್ಟೆಂಬರ್ ೮

ಬಣ್ಣದಂಗಡಿಯವರೇ,

ನಿಮ್ಮ ಕಾಗದ ಕಂಡು ಮಗುವಿನ ಹಾಗೆ ಹಿಗ್ಗಿದೆ. ಆಟ ಯಾವುದೋ ಗೊತ್ತಿಲ್ಲ, ಆಡಿದ್ದೇನೆ.

ಒಂದು ನೀಲಿ, ಸ್ವಲ್ಪ ಮಾಸಿದೆ. ಮೂರು ಹಳದಿಯೋ ಬಿಳಿಯೋ, ನಡುವಿನದು. ಐದು ಕಪ್ಪು. ಎರಡು ಮತ್ತು ನಾಲ್ಕು ಒಂದೇ ಬಣ್ಣ, ಹೊಸ ಗಾಡಿಯ ಹಾಗೆಯೇ ಇವೆ. ಒಂದೇ ಬಣ್ಣದ್ದು ಎರಡು ಯಾಕೆ ಕಳಿಸಿದಿರಿ? ಡಬ್ಬದಲ್ಲಿ ಮಿಕ್ಕಿತ್ತೇ?


ಸೆಪ್ಟೆಂಬರ್ ೧೧
ತುರ್ತು. ಮನೆಯವರು ಯಾರಾದರೂ ಒಡೆದು ಓದಬಹುದು.

ಮೇಷ್ಟ್ರೇ,

ಎರಡು ಕೆಂಪು. ನಾಲ್ಕು ಹಸಿರು.

ಫೈರ್ ಇಂಜಿನಿಗೆ ಹಾಕುವ ಕೆಂಪನ್ನೇ ನಾನು ಕೈಯಾರೆ ಬೆರೆಸಿ ಹಚ್ಚಿದ್ದೆ. ಟೋಪಿ ಕಂದಾಗಿಲ್ಲ, ಗಾಡಿ ಕಂದಾಗಿಲ್ಲ, ತಂತಿ ಹಾಕಿದವನು ಕತ್ತೆಯಲ್ಲ. ಬದಲಾಗಿರುವುದು ನಿಮ್ಮ ಕಣ್ಣು. ಮಾರ್ಚಿನಲ್ಲಿ ಎರಡು ಕೆಂಪುಗಳ ನಡುವಿನ ಒಂದೆಳೆ ನೇರಳೆಯನ್ನು ಹೇಳಿದವರಿಗೆ ಈಗ ಕೆಂಪೂ ಹಸಿರೂ ಒಂದೇ ಆಗಿವೆ.

ನಿಮ್ಮ ಉತ್ತರ ಬಂದ ಕೂಡಲೇ ಅಂಗಡಿ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಬಣ್ಣ ಬೆರೆಸುವವರ ಕಣ್ಣನ್ನು ವರ್ಷಕ್ಕೊಮ್ಮೆ ಅವರೇ ಪರೀಕ್ಷಿಸುತ್ತಾರೆ. ನಿಮ್ಮ ಕಾಗದಗಳನ್ನೆಲ್ಲ ಓದಿಸಿದೆ, ಕ್ಷಮಿಸಿ. ಪೇಪರಿನ ಅಕ್ಷರ ಅಳಿಸಿದ ಜಾಗಕ್ಕೆ ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಪೊರೆ ಅಲ್ಲ. ಪೊರೆ ಬಂದ್ರೆ ಮಂಜು ಕವಿದ ಹಾಗಾಗುತ್ತೆ, ಇಷ್ಟು ಬೇಗ ಕೆಂಪು ಹಸಿರು ಕಲೆಸಿಹೋಗಲ್ಲ. ನೋಡಮ್ಮ, ಅವರು ಹೊಸದಾಗಿ ಯಾವುದಾದ್ರೂ ಮಾತ್ರೆ ತಗೋತಿದ್ದಾರಾ? ಕ್ಷಯಕ್ಕೆ ಕೊಡೋ ಮಾತ್ರೆಗಳಲ್ಲಿ ಒಂದು, ಕೆಲವರ ಕಣ್ಣಿನ ನರಕ್ಕೆ ಹೊಡೆಯುತ್ತೆ. ಬೇಗ ಗೊತ್ತಾದ್ರೆ ಅದನ್ನ ನಿಲ್ಲಿಸಿದ ಮೇಲೆ ಕಣ್ಣು ವಾಪಸು ಬರುತ್ತೆ. ತಡ ಮಾಡಿದ್ರೆ ಹೇಳೋಕಾಗಲ್ಲ" ಎಂದರು. ಯಾವುದನ್ನೂ ನೀವೇ ನಿಲ್ಲಿಸಬಾರದಂತೆ, ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಅಂದೇ ಹೋಗಬೇಕಂತೆ.

ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಹೇಳಿಲ್ಲ, ಕೇಳುವ ಸಲಿಗೆ ನನಗಿಲ್ಲ. ಇದ್ದರೆ ಇವತ್ತೇ ಹೋಗಿ. ಇಲ್ಲದಿದ್ದರೂ ಹೋಗಿ. ನನ್ನ ಮೇಲೆ ಸಿಟ್ಟಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಬಯ್ಯಿರಿ. ಅಂಗಡಿಯ ಫೋನ್ ನಂಬರ್ ಲಕೋಟೆಯ ಹಿಂದಿದೆ.


ಸೆಪ್ಟೆಂಬರ್ ೧೭

ಅಕ್ಕನವರಿಗೆ ನಮಸ್ಕಾರ.

ನಾನು ಮೇಷ್ಟ್ರ ಮಗಳು. ಮೊನ್ನೆ ಫೋನಿನಲ್ಲಿ ಅವಸರದಲ್ಲಿ ಮಾತಾಡಿದೆ, ಎಲ್ಲ ಹೇಳಲು ಆಗಲಿಲ್ಲ.

ಅಪ್ಪ ತಂಗಿಯ ಮನೆಗೆ ಹೋಗಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಕೆಮ್ಮಿನಲ್ಲಿ ರಕ್ತ ಬಂತು. ಕ್ಷಯ ಎಂದರು. ಆಸ್ಪತ್ರೆಯಲ್ಲಿದ್ದು ಬಂದರು, ಆಗಿನಿಂದ ಮಾತ್ರೆ. ಈಗ ಯಾರಿಗೂ ಅಂಟುವುದಿಲ್ಲವೆಂದು ಡಾಕ್ಟರ್ ಹೇಳಿದರೂ ಅಪ್ಪ ನಂಬಲಿಲ್ಲ. "ಬಣ್ಣದಂಗಡಿಯವರಿಗೆ ಗೊತ್ತಾದ್ರೆ ನನ್ನ ಕೈ ಮುಟ್ಟಿದ ಪೆಟ್ಟಿಗೆ ಬಿಚ್ಚಲ್ಲ, ಕಾಗದಾನೂ ಒಲೆಗೆ ಹಾಕ್ತಾರೆ" ಎಂದು ನನ್ನ ಬಾಯಿ ಕಟ್ಟಿದರು. ನಿಮ್ಮ ಪೆಟ್ಟಿಗೆ ಕಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈ ತೊಳೆದು ತೊಳೆದು ಕೂರುತ್ತಿದ್ದರು. ಕಣ್ಣಿನ ವಿಷಯ ನನಗೂ ಹೇಳಿರಲಿಲ್ಲ. ಟೊಮೆಟೊ ಪಕ್ಕಕ್ಕಿಟ್ಟಾಗ ವಯಸ್ಸಿನ ಹಟ ಅಂದುಕೊಂಡೆ. ಈಗ ನೆನೆದರೆ ನನ್ನ ಮೇಲೇ ಕೋಪ ಬರುತ್ತದೆ.

ನಿಮ್ಮ ಕಾಗದ ನಾನೇ ಒಡೆದೆ. ಅಪ್ಪನಿಗೆ ತೋರಿಸಿದರೆ "ಪೊರೆ ಕಣೇ, ಪೊರೆ" ಎಂದು ಎದ್ದುಹೋಗಲು ನೋಡಿದರು. ಆಟೋ ತರಿಸಿ ಕೂರಿಸಿದೆ. ಅಲ್ಲಿ ಡಾಕ್ಟರ್ ಕೇಳುವುದೊಂದು, ಅಪ್ಪ ಹೇಳುವುದೊಂದು. "ಕಣ್ಣು ಯಾವಾಗಿಂದ ಹೀಗೆ?" ಅಂದರೆ "ಹಣ್ಣು ತಿಂತೀನಿ, ದಿನಾ ತಿಂತೀನಿ" ಅಂದರು. ಕೊನೆಗೆ ನಾನು ಕಾರಿಡಾರಿಗೆಲ್ಲ ಕೇಳುವ ಹಾಗೆ ಕಿರುಚಿದೆ: "ಅಪ್ಪಾ, ಕ್ಷಯದ ಮಾತ್ರೆ! ಕಣ್ಣು!" ಅಷ್ಟು ದಿನ ಮುಚ್ಚಿಟ್ಟದ್ದು ಅರ್ಧ ಊರಿಗೆ ಗೊತ್ತಾಯಿತು. ಡಾಕ್ಟರ್ ಪರೀಕ್ಷೆ ಮಾಡಿ, ನಿಮ್ಮ ಡಾಕ್ಟರ್ ಹೇಳಿದ್ದೇ ಸರಿ ಎಂದು ಆ ಒಂದು ಮಾತ್ರೆ ನಿಲ್ಲಿಸಿದರು. ಉಳಿದವು ಮುಂದುವರಿಯಬೇಕು. ಕಣ್ಣು ಎಷ್ಟು ಬರುತ್ತದೆಂದು ಈಗಲೇ ಹೇಳಲಾರರಂತೆ. ಇನ್ನೂ ತಡವಾಗಿದ್ದರೆ ಓದಲೂ ಆಗುತ್ತಿರಲಿಲ್ಲವಂತೆ.

ಅಪ್ಪ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಎರಡನೇ ರಟ್ಟು, ನಾಲ್ಕನೇ ರಟ್ಟು ಎರಡನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಾರೆ.

ಅವರ ಮಗಳು


ಅಕ್ಟೋಬರ್ ೧೨

ಅಮ್ಮಾ,

ಏನೆಂದು ಕರೆಯಬೇಕೋ ತಿಳಿಯದೆ ನಾಲ್ಕು ಹಾಳೆ ಹರಿದೆ. ಡಾಕ್ಟರ್ ಮಾತಿನಲ್ಲಿ "ನೋಡಮ್ಮ" ಎಂದು ಇತ್ತಲ್ಲ. ಡಾಕ್ಟರ್ ಯಾರಿಗೆ ಹೇಳುತ್ತಿದ್ದಾರೆ, ಪಕ್ಕದಲ್ಲಿ ಯಾವ ಹೆಂಗಸು ನಿಂತಿದ್ದಾಳೆ ಎಂದು ಮತ್ತೆ ಮತ್ತೆ ಓದಿದೆ. ಮಗಳು ನಕ್ಕಳು. "ಅಪ್ಪಾ, ನೀನು ಸ್ವಾಮಿ ಸ್ವಾಮಿ ಅಂತಿದ್ದೆಯಲ್ಲ, ಅವರೇ" ಎಂದು ಕಿವಿಯಲ್ಲಿ ಕೂಗಿದಳು. ನಿಮಗೆ ಹೆಣ್ಣು ನೋಡುತ್ತೇನೆ ಎಂದು ಬರೆದಿದ್ದೆನಲ್ಲಮ್ಮ! ನೆಲ ಬಾಯಿ ಬಿಡಬಾರ್ದೇ ಅನ್ನಿಸಿತು.

ಅದಕ್ಕಿಂತ ದೊಡ್ಡದು ಟೋಪಿಯ ಮಾತು. ನನ್ನ ಕಣ್ಣು ನನಗೆ ಸುಳ್ಳು ಹೇಳುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಕಿವಿ ಹೋದ ಮೇಲೆ ನನಗೆ ಉಳಿದದ್ದು ಕಣ್ಣೊಂದೇ. ಅದನ್ನು ನಂಬಿ ನಿಮ್ಮನ್ನು ಕಳ್ಳಿ ಮಾಡಿದೆ. ದೊಡ್ಡ ಮನಸ್ಸು ಮಾಡಿ.

ನನ್ನ ಕಾಗದ ಮುಟ್ಟಲು ಹೆದರಿಕೆಯಾದರೆ ಹೇಳಿ, ಮಗಳ ಕೈಯಲ್ಲಿ ಬರೆಸುತ್ತೇನೆ.


ಅಕ್ಟೋಬರ್ ೨೧

ಮೇಷ್ಟ್ರೇ,

ನಿಮ್ಮ ಕೈಯಿಂದಲೇ ಬರೆಯಿರಿ. ಸೊಟ್ಟಗಿದ್ದರೂ ಓದಿಕೊಳ್ಳುತ್ತೇನೆ.

ಹೆಂಗಸೆಂದು ಬೇಕೆಂದೇ ಹೇಳಲಿಲ್ಲ. ದೀಪ ಕೊಳ್ಳಲು ಹೋದಲ್ಲೆಲ್ಲ "ಯಾರಿಗೋಸ್ಕರ? ಯಜಮಾನರಿಗಾ?" ಎಂದು ಕೇಳುತ್ತಾರೆ. ನನಗೇ ಎಂದರೆ ನಕ್ಕು, ಒಡೆದದ್ದನ್ನು ತೋರಿಸುತ್ತಾರೆ. ನೀವು ಮೊದಲ ಕಾಗದದಲ್ಲೇ ಜಗಳ ಆಡುವ ಹಾಗೆ ಉತ್ತರ ಬರೆದಿರಿ. ಅದು ಎಲ್ಲಿ ತಪ್ಪಿಹೋಗುತ್ತದೋ ಎಂದು ಸುಮ್ಮನಿದ್ದೆ. ಅನುಮಾನದ ವಿಷಯದಲ್ಲಿ ನಾನೂ ಹಿಂದೆ ಬಿದ್ದಿಲ್ಲ. ಜುಲೈಯಲ್ಲಿ ಗುಜರಿಯವನ ಹತ್ತಿರ ಹೋಗಿ, ನೀವು ಮಾಲು ಬದಲಾಯಿಸುವವರೇ ಎಂದು ವಿಚಾರಿಸಿದ್ದೆ. ಅವನು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನನಗೆ ಅಷ್ಟು ಸಾಕಾಯಿತು. ಇಬ್ಬರ ಲೆಕ್ಕವೂ ಸರಿಹೋಯಿತು ಬಿಡಿ.

ಕಣ್ಣು ಹೇಗಿದೆ? ಚೆನ್ನಾಗಿದೆ ಎಂದು ಬರೆಯಬೇಡಿ, ಹೇಗಿದೆ ಎಂದು ಬರೆಯಿರಿ.

ಬಣ್ಣದಂಗಡಿಯಿಂದ


ಡಿಸೆಂಬರ್ ೬

ಅಮ್ಮಾ,

ಹೇಗಿದೆ ಎಂದು ಬರೆಯುತ್ತೇನೆ. ಪೇಪರಿನ ಅಳಿಸಿದ ಅಕ್ಷರಗಳು ಬಹುಮಟ್ಟಿಗೆ ವಾಪಸು ಬಂದಿವೆ. ನೀಲಿ ತೊಳೆದ ಹಾಗೆ ಕಾಣುತ್ತದೆ. ಎಲೆಗಳು ಹಸಿರಾಗುತ್ತಿವೆ ಎಂದುಕೊಂಡಿದ್ದೇನೆ.

ನಿನ್ನೆ ಮಗಳು ನನ್ನನ್ನು ಠಾಣೆಗೆ ಕರೆದುಕೊಂಡು ಹೋದಳು. ನನ್ನ ಕಣ್ಣಿನ ಸುದ್ದಿ ಅಲ್ಲೆಲ್ಲ ಹರಡಿದೆ. ಅಂದು ನಕ್ಕ ಹುಡುಗರು ಕುರ್ಚಿ ತಂದು ಹಾಕಿದರು. ಒಬ್ಬ ಹೊಸ ಗಾಡಿಯ ಮೇಲೆ ಹತ್ತಿ ದೀಪ ಹಚ್ಚಿದ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಹೇಳಿ ಮೇಷ್ಟ್ರೇ, ಯಾವ ಬಣ್ಣ?" ಎಂದು ಅಧಿಕಾರಿ ನನ್ನ ಕಿವಿಯ ಹತ್ತಿರ ಕೂಗಿದರು. ಮಗಳು ಎರಡೂ ಕೈ ಬಿಗಿಹಿಡಿದು ನಿಂತಿದ್ದಳು. "ಕೆಂಪು" ಅಂದೆ. ಚಪ್ಪಾಳೆ ತಟ್ಟಿದರು, ಒಬ್ಬನು ನನ್ನನ್ನು ಎತ್ತಿಯೇಬಿಟ್ಟ. ಮಗಳು ಅತ್ತಳು.

ಅವರಿಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ಬೆಂಕಿ ಗಾಡಿಯ ಮೇಲೆ ಕೆಂಪಲ್ಲದೆ ಇನ್ನೇನಿರುತ್ತದೆ? ಕಣ್ಣು ಮುಚ್ಚಿಕೊಂಡು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ದೀಪ ತಿರುಗುವಾಗ ಏನೋ ಒಂದು ಕಂಡದ್ದು ನಿಜ, ಅದು ಮಣ್ಣಿನ ಬಣ್ಣವಾಗಿರಲಿಲ್ಲ. ಆದರೆ ಅದು ನನ್ನ ಕಣ್ಣಿಗೆ ಕಂಡ ಕೆಂಪೋ, ಇಷ್ಟು ವರ್ಷ ಕಂಡು ತಲೆಯೊಳಗೆ ಉಳಿದ ಕೆಂಪೋ ನನಗೆ ತಿಳಿಯುತ್ತಿಲ್ಲ. ಬಲವಾಗಿ ನೋಡಿದಷ್ಟೂ ಗೊಂದಲ ಹೆಚ್ಚಾಗುತ್ತದೆ. ಮಗಳ ಸಂತೋಷ ನೋಡಿದರೆ ಬಾಯಿ ಬರುವುದಿಲ್ಲ. ನಾನು ಸುಳ್ಳು ಹೇಳಿದೆನೇ, ನಿಜ ಹೇಳಿದೆನೇ? ನೀವೇ ಹೇಳಬೇಕು.

ಲೈಟ್ ಮೇಷ್ಟ್ರು


ಡಿಸೆಂಬರ್ ೧೩

ಮೇಷ್ಟ್ರೇ,

ಇಲ್ಲಿ ಕೂತು ಹೇಗೆ ಹೇಳಲಿ? ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತಿದ್ದೇನೆ. ನಿಮ್ಮ ಮಗಳಿಗೆ ಫೋನ್ ಮಾಡಿ ಹೇಳಿದ್ದೇನೆ, ಕಾರಣ ಹೇಳಿಲ್ಲ. ಅತ್ತಿಗೆಯೂ ಹೊರಟಿದ್ದಾರೆ. ನನ್ನನ್ನು ಸ್ವಾಮಿ ಎಂದು ಕರೆದವರ ಮುಖ ಅವರು ನೋಡಲೇಬೇಕಂತೆ.

ನನ್ನ ಹತ್ತಿರದ ಟೋಪಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತೇನೆ. ಕೆಂಪು, ಹಸಿರು, ನೀಲಿ, ಹಳದಿ ಎಲ್ಲವೂ ಇರುತ್ತವೆ. ನಿಮ್ಮ ಹಿತ್ತಲಿನಲ್ಲಿ, ಹಗಲು ಬೆಳಕಿನಲ್ಲಿ ನಾವಿಬ್ಬರೇ ಕೂರೋಣ. ಗಾಡಿ ಇರುವುದಿಲ್ಲ, ಠಾಣೆ ಇರುವುದಿಲ್ಲ, ಊಹಿಸಲು ಏನೂ ಸಿಗುವುದಿಲ್ಲ. ಚೀಲದಿಂದ ಒಂದೊಂದೇ ತೆಗೆದು ಹಿಡಿಯುತ್ತೇನೆ. ನಿಮಗೆ ಕಂಡದ್ದನ್ನು ಹೇಳಿ. ತಪ್ಪಾದರೆ ತಪ್ಪು ಎಂದು ಕಿವಿಯಲ್ಲಿ ಕೂಗಿ ಹೇಳುತ್ತೇನೆ, ಸರಿಯಾದರೂ ಚಪ್ಪಾಳೆ ತಟ್ಟುವುದಿಲ್ಲ. ಗೊತ್ತಾಗುತ್ತಿಲ್ಲ ಎನ್ನಿಸಿದರೆ ಗೊತ್ತಾಗುತ್ತಿಲ್ಲ ಎನ್ನಿ. ಅದನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡಿರುತ್ತೇನೆ, ಇನ್ನೂ ಸ್ವಲ್ಪ ಹೊತ್ತು ನೋಡಿ.